ತೊಂಡಿ ನಂಬರ್ ಹದಿನಾಲ್ಕು

ಆರಿಕ್ಕಾಡಿ ಕೋಟೆಯ ಬುಡದಲ್ಲಿ ಬಾವಿ ಆಳ ಮಾಡುವಾಗ
ಕೆಸರಿನಿಂದೆತ್ತಿ, ಮುಂಡಾಸು ಬಿಚ್ಚಿ ಸುತ್ತಿ
ಬಾಣಂತಿಯ ಹಾಗೆ ಎದೆಗವಚಿಕೊಂಡು ಬಂದ ತನಿಯ.
'ಗಟ್ಟಿಯವರೇ, ನಿಮಗಿಂತ ಗಟ್ಟಿ ಇದು' ಅಂದ.
ತೂಗಿದರೆ ನಾಲ್ಕು ಕಿಲೊ, ಮೇಲೊಂದು ಚೂರು.

ನಾನು ಕುಂಬಳೆ ಪೇಟೆಯ ಗಡಿಯಾರದವನು.
ಅಂಗಡಿಯ ಹಿಂದಿನ ಹಲಗೆಯಲ್ಲಿ ನನ್ನ ದಂಡು:
ಮುರಿದ ಬಯೊನೆಟ್ಟು, ಹಿತ್ತಾಳೆ ಗುಂಡಿ ಮೂರು,
ಬರ್ಮಾದಿಂದ ಮರಳಿದ ಯಾರದೋ ಅನ್ನದ ಡಬ್ಬಿ.
ಅವನು ಮರಳಿದನೋ, ಕೇಳಬೇಡಿ.
ಇದನ್ನು ನಡುವೆ ಇಟ್ಟೆ. ಹಲಗೆ ಬಾಗಿತು.

ಯಾರೋ ಠಾಣೆಗೆ ಫೋನು ಮಾಡಿದರು:
ಐತ್ತಪ್ಪ ಗಟ್ಟಿಯ ಹತ್ತಿರ ಗುಂಡುಂಟು.

ಉಂಟಲ್ಲ! ನಮ್ಮಲ್ಲಿ ಗುಂಡೆಂದರೆ
ಹರಕೆ ತೀರಿಸಿ ಬಂದವನ ತಲೆ,
ಸಂಜೆ ಗ್ಲಾಸಿಗೆ ಬೀಳುವ ಬಿಸಿ,
ಅಮ್ಮನ ಕಡೆಯುವ ಕಲ್ಲಿನ ಹೊಟ್ಟೆಯೊಳಗೆ ತಿರುಗುವ ಶಿಶು.
ಮಲಯಾಳದಲ್ಲಿ ಅದಕ್ಕೆ ಬತ್ತಿಯಿದೆ, ಹೊಗೆಯಿದೆ.
ಹೊಳೆ ದಾಟಿದರೆ ಮಾತು ಸಿಡಿಯುತ್ತದೆ.

ಕಣ್ಣೂರಿನಿಂದ ಜೀಪು ಬಂತು, ಮರಳಿನ ಚೀಲ ಬಂತು,
ಪೇಟೆ ಅರ್ಧ ದಿನ ಬಾಗಿಲು ಹಾಕಿತು.
ರೂಬಿ ಎಂಬ ನಾಯಿ ಮೂಸಿತು, ಸೀನಿತು,
ನನ್ನ ಚಪ್ಪಲಿಗೆ ತಲೆಕೊಟ್ಟು ಮಲಗಿತು.
ನಾಯಿಯ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ.

ರೈಟರ್ ಪವಿತ್ರನ್ ಮಹಜರು ಓದಿದ. ಅವನ ಲಿಪಿ, ನನ್ನ ಸಹಿ.
ನಮ್ಮ ಮುದ್ದೆಮಾಲು ಅವರ ತೊಂಡಿ;
ಬಿಳಿ ಬಟ್ಟೆ ಹೊಲಿದು, ಅರಗು ಒತ್ತಿ, ನಂಬರ್ ಹದಿನಾಲ್ಕು.

ನನಗೆ ಕೇಸಿನ ಚಿಂತೆಯಲ್ಲ, ತುಕ್ಕಿನದು.
ಅಷ್ಟು ಕಾಲ ಮಣ್ಣಿನಲ್ಲಿದ್ದದ್ದು ಗಾಳಿಗೆ ಬಂದರೆ
ಹಪ್ಪಳದ ಹಾಗೆ ಏಳುತ್ತದೆ ಪದರ.
ತಿಂಗಳ ಸಹಿಗೆ ಹೋಗುವಾಗ ಒಂದು ಕುಪ್ಪಿ ತೆಂಗಿನೆಣ್ಣೆ,
ಹಳೇ ಬನಿಯನ್ನು ಒಯ್ದೆ.
'ತೊಂಡಿ ಮುಟ್ಟುವ ಹಾಗಿಲ್ಲ' ಅಂದ ಪವಿತ್ರನ್.
ಕುಪ್ಪಿ ಇಟ್ಟುಕೊಂಡ.
ಮುಂದಿನ ತಿಂಗಳು ಕುಪ್ಪಿ ಖಾಲಿ;
ಹೊಲಿಗೆಯ ನೂಲು, ಬಿಳಿಯಿದ್ದದ್ದು, ಕಪ್ಪಾಗಿತ್ತು.
ನಾನು ಕೇಳಲಿಲ್ಲ.
ಠಾಣೆಯ ಗೋಡೆ ಗಡಿಯಾರ ಹನ್ನೊಂದು ನಿಮಿಷ ಹಿಂದಿತ್ತು,
ಇಳಿಸಿ ಸರಿಮಾಡಿದೆ. ಎಷ್ಟಾಯಿತೆಂದು
ಅವನೂ ಕೇಳಲಿಲ್ಲ.

ಒಂಬತ್ತು ವರ್ಷ. ಏಳು ಎಸ್.ಐ.ಗಳು.
ಹೊಸಬರು ಬಂದಾಗಲೆಲ್ಲ ಬಾಗಿಲ ಬುಡ ತೋರಿಸಿ ಇದೇನೆಂಬರು;
ಮಳೆಗಾಳಿಗೆ ಕದ ಬಡಿಯದಂತೆ ಅಲ್ಲೇ ಅದರ ಪಹರೆ.
ಪವಿತ್ರನ್ ಮೊದಮೊದಲು 'ಕಬ್ಬಿಣ' ಅನ್ನುತ್ತಿದ್ದ,
ಆಮೇಲೆ ಇಕ್ಕೇರಿಯವರದ್ದು, ಆಮೇಲೆ ಕುಂಪಣಿಯದ್ದು,
ಪಾಲಾ ಕಡೆಯ ಬೇಬಿಚ್ಚನ್ ಸಾಹೇಬರಿಗಂತೂ
ಕುದುರೆ ಉರುಳಿದ್ದನ್ನೂ ಕಣ್ಣಾರೆ ಕಂಡವನಂತೆ ಹೇಳಿದ.

ಕೊನೆಗೆ ಬಂತು ಪ್ರಯೋಗಾಲಯದ ಒಂದು ಸಾಲು:
ಎರಕದ ಕಬ್ಬಿಣ. ಘನ. ಒಳಗೆ ಏನೂ ಇಲ್ಲ.

ಬಿಡಿಸಿಕೊಂಡ ದಿನ ಅವನ ನಿವೃತ್ತಿಗೆ ನಾಲ್ಕೇ ದಿನ.
'ಬಟ್ಟೆ ಬಿಚ್ಚಿಕೊಡಲೇ?' ಬೇಡವೆಂದೆ.
ಅರಗೂ ಇರಲಿ, ಹದಿನಾಲ್ಕೂ ಇರಲಿ;
ಕೋಟೆಯ ಯುದ್ಧ ಯಾರ್ಯಾರದೆಂದು ನನಗೆ ಗೊತ್ತಿಲ್ಲ,
ಇದು ಗೊತ್ತು.
ಕದ ಗುದ್ದಿ ಗುದ್ದಿ ಸಿಮೆಂಟಿನ ನೆಲದಲ್ಲಿ
ಸೌಟಿನಷ್ಟು ಗುಳಿ ಬಿದ್ದಿತ್ತು. ಇಬ್ಬರೂ ನೋಡಿದೆವು.

ಆಟಿಯ ಗಾಳಿ ಎದ್ದ ವಾರ
ಹೊಸ ಪೊಲೀಸು ಹುಡುಗಿಯೊಬ್ಬಳು ಅಂಗಡಿಗೆ ಬಂದಳು.
ಕದ ನಿಲ್ಲುವುದಿಲ್ಲವಂತೆ. ಫೈಲು ಹಾರುತ್ತವಂತೆ.
'ಗುಂಡು ಉಂಟಾ ಕೇಳಿ ಬಾ ಅಂದರು ಸಾರ್.'

ಹಲಗೆ ನೋಡಿದೆ. ಕೈ ಬರಲಿಲ್ಲ.
ಮನೆಗೆ ಕರೆದೊಯ್ದೆ. ಹಿತ್ತಲಲ್ಲಿ
ಮಿಕ್ಸಿ ಬಂದಂದಿನಿಂದ ಮಳೆನೀರು ಕುಡಿದು ಕೂತಿತ್ತು
ಅಮ್ಮನ ಕಡೆಯುವ ಕಲ್ಲಿನ ಆ ಮಗು.
ಎತ್ತಿ, ಒರೆಸಿ, ಅವಳ ಸ್ಕೂಟರಿನ ಕಾಲಡಿಗಿಟ್ಟೆ.
ಎಲ್ಲಿ ಸಹಿ ಹಾಕಲಿ ಅಂದೆ, ಅಭ್ಯಾಸ.
ಅವಳು ನಕ್ಕು, ಪುಸ್ತಕದ ಹಾಳೆ ಹರಿದು
ಅಲ್ಲೇ ನಿಂತು ಬರೆದುಕೊಟ್ಟಳು,
ಪೆರ್ಲದ ಶಾಲೆಯ ದುಂಡು ಕನ್ನಡದಲ್ಲಿ:
ಗುಂಡು ಒಂದು. ಸಂದಿದೆ.