ಮೂರನೆಯ ಕಟಕ್

ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ
ಪ್ಯಾನಿನ ಅಂಚು ಬರೆದು, ಸುರುಳಿ ಸುತ್ತಿ
ಗೋಣಿಕೊಪ್ಪದ ನನ್ನ ಶೆಡ್ಡಿಗೆ ತಂದರು ಚೋಂದಮ್ಮಕ್ಕ.
‘ಅಸೈನಾರ್, ಇದರ ಹೆಸರು ಹೇಳು.’
ಹೆಜ್ಜೆ ಗುರುತು ತೋರಿಸಿ
ಯಾವ ಪ್ರಾಣಿ ಎಂದು ಕೇಳಿದ ಹಾಗೆ.

ಬೋಲ್ಟಿನ ತೂತು ಹದಿಮೂರು.
ಎಣಿಸಿ ಸುಖವಿಲ್ಲ, ಇದರ ತಮ್ಮನಿಗೂ ಹದಿಮೂರೇ.
ತಮ್ಮನದು ಒಂದು ಮೂಲೆ ಇಲಿ ಕಡಿದ ಚೌಕ.
ಇದು ಗದ್ದೆ ಪಾಲಾದಾಗ
ಸರ್ವೆಯವನು ಎಳೆದ ಗೆರೆ, ಅಂಕುಡೊಂಕು.
‘ನಾನೂರು’ ಎಂದೆ.
‘ರೂಪಾಯಿಯಾ?’
‘ಹೆಸರೇ ಅದು ಅಕ್ಕ, ಟರ್ಬೊ ನಾನೂರು.
ರೂಪಾಯಿಗೆ ಇನ್ನೊಂದು ಹಾಳೆ ಹರಿಯಿರಿ.’

ಕಾರು ಬಾಳೆಲೆಯಲ್ಲಿ, ಪಲ್ಪರ್ ಶೆಡ್ಡಿನೊಳಗೆ.
ಅರುವತ್ತೆಂಟರ ಪಾಂಟಿಯಾಕ್.
ಬಿಡಿಭಾಗ ಸಿಗದೆ ಹಿಂದಿನವರು ಯಾರೋ
ಅದರ ಹೊಟ್ಟೆಗೆ ವ್ಯಾನಿನ ಗೇರ್‌ಬಾಕ್ಸ್ ಹೊಲಿದಿದ್ದರು;
ಮೂಲದ್ದು ಗೋಣಿ ಹೊದ್ದು ಮೂಲೆಯಲ್ಲಿ.
‘ನನ್ನ ಎಡಗಾಲಿಗೂ ಕ್ಲಚ್ಚಿಗೂ
ಮಾತು ಬಿಟ್ಟು ಎರಡು ವರ್ಷ.
ರಾಜಿ ಮಾಡಿಸಬೇಡ,
ಕ್ಲಚ್ಚನ್ನೇ ಮನೆಯಿಂದ ಕಳಿಸು.’

ಕನ್ವರ್ಟರ್ ಯಾವುದು?
ಮೈಸೂರಿನಿಂದ ಅಕ್ಕನ ಮಗ ಬೋಪಣ್ಣನ ಫೋನು:
‘ಮೂರು ಸಾವಿರದ ಸ್ಟಾಲ್ ಹಾಕಿ,
ಕೋವಿ ಬಿಟ್ಟ ಹಾಗೆ ಹೊರಡಬೇಕು!’
ನಾನು ಮಾಕುಟ್ಟದ ತಿರುವು ನೆನೆದೆ.
ಮುಂದೆ ಮರದ ಲಾರಿ, ಹಿಂದೆ ಕೇರಳದ ಬಸ್ಸು,
ಒಳಗೆ ಎಣ್ಣೆ ತನ್ನನ್ನೇ ಕಡೆದು ಕಡೆದು
ಬೆಣ್ಣೆ ಬಾರದೆ ಬರೀ ಬಿಸಿ.
ಹದಿನೆಂಟು ನೂರು ಸಾಕು.
ಉಳಿದ ದುಡ್ಡಿಗೆ ಕೂಲರ್,
ರೇಡಿಯೇಟರಿನ ಮುಂದೆ, ಗಾಳಿ ಸಿಗುವ ಕಡೆ.
ಬೋಪಣ್ಣ ಮುನಿದ. ಮುನಿಯಲಿ,
ಅವನಿಗೆ ಬಸ್ಸಿನಲ್ಲಿ ಸೀಟುಂಟು.

ಫ್ರಿಕ್ಷನ್ ಪ್ಲೇಟು ಒಣಗಿದ್ದ ಹಾಗೇ ಕೂಡಿಸಿದರೆ
ಮೊದಲ ದಿನವೇ ಸುಡುತ್ತದೆ.
ರಾತ್ರಿಯಿಡೀ ಕೆಂಪೆಣ್ಣೆಯಲ್ಲಿ ನೆನೆಹಾಕಿದೆ,
ಕಂಠ ನಗ್ಗಿದ ಬೋಗುಣಿಯಲ್ಲಿ.
ಬೆಳಿಗ್ಗೆ ಪಾರು ಇಣುಕಿ
‘ಯಾವ ಉಪ್ಪಿನಕಾಯಿ?’ ಎಂದಳು.

ಆರು ಉಕ್ಕಿನ ಗುಂಡು, ಆರು ಗೂಡು.
ವ್ಯಾಸಲೀನ್ ಮೆತ್ತಿ ಒಂದೊಂದಾಗಿ ಕೂರಿಸುತ್ತಿದ್ದೆ
(ಗ್ರೀಸು ಬೇಡ, ಅದು ಕರಗದೆ ದಾರಿ ಕಟ್ಟುತ್ತದೆ).
ಆರನೆಯದು ಜಾರಿತು.
ಬೆಂಚು, ಹೊಸ್ತಿಲು, ಮೆಟ್ಟಿಲು, ಆಮೇಲೆ ಕಣ.
ಕಣದ ತುಂಬ ಒಣಗಲು ಹರವಿದ ಕರಿಮೆಣಸು.

ಅದೇ ಗಾತ್ರ. ಅದೇ ದುಂಡು.
ಎರಡು ಕ್ವಿಂಟಾಲ್ ಮೆಣಸಿನಲ್ಲಿ
ಒಂದು ಕಾಳು ಮಾತ್ರ ಖಾರವಿಲ್ಲದ್ದು.

ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ
ನನ್ನ ಹುಡುಗ ಜಂಶೀರ್ ಕಣವಿಡೀ ತೂಗುತ್ತ ನಡೆದ.
ಎರಡು ಲಾಳದ ಮೊಳೆ ಬಂತು. ಒಂದು ಹೇರ್‌ಪಿನ್ನು.
ಚೋಂದಮ್ಮಕ್ಕ ಅದನ್ನು ಬಹಳ ಹೊತ್ತು ನೋಡಿ
ಸೆರಗಿಗೆ ಸಿಕ್ಕಿಸಿಕೊಂಡರು,
ಯಾರದೆಂದು ಹೇಳಲಿಲ್ಲ.
ಗುಂಡು ಸಿಕ್ಕಾಗ ಮೂರು ಗಂಟೆ.

ಕನ್ವರ್ಟರ್ ಕೂರಿಸುವಾಗ ಬಲ ಬೇಡ.
ತಳ್ಳುತ್ತ ತಿರುಗಿಸು, ಬೀಸುಕಲ್ಲಿನ ಹಾಗೆ, ಕಿವಿ ಕೊಟ್ಟು.
ಕಟಕ್. ಒಂದು ಹಲ್ಲು ಹಿಡಿಯಿತು.
ಕಟಕ್. ಇನ್ನೊಂದು.
ನೋಡಿದರೆ ಕೂತಂತೆಯೇ ಇದೆ.
ಜಂಶೀರ್ ಬೋಲ್ಟು ಹಿಡಿದು ನಿಂತಿದ್ದ.
ಈಗ ಬಿಗಿದರೆ ಪಂಪು ಒಡೆದು
ತಿಂಗಳ ದುಡಿಮೆ ಒಂದು ಸ್ಪ್ಯಾನರ್ ತಿರುವಿಗೆ ಪುಡಿ.
ಎರಡನ್ನೇ ನಂಬಿ ಬಿಗಿದವನು ನಾನೇ ಒಮ್ಮೆ,
ಮಡಿಕೇರಿಯಲ್ಲಿ. ಆ ಮಾತು ಬೇಡ.
ತಿರುಗಿಸಿದೆ. ಕತ್ತಲಾಯಿತು, ಜೀರುಂಡೆ ಶುರುವಾದವು.
‘ಸ್ವಲ್ಪ ಸುಮ್ಮನಿರಿ’ ಎಂದೆ,
ಯಾರಿಗೆಂದು ತಿಳಿಯದೆ.
ಮತ್ತೆ ತಿರುಗಿಸಿದೆ.

ಕಟಕ್.

ಮರುದಿನ ಅವರೇ ಓಡಿಸಿದರು.
ಯಾರೂ ಹೇಳದೆ ಎರಡಕ್ಕೆ ಹೋಯಿತು,
ಯಾರೂ ಹೇಳದೆ ಮೂರಕ್ಕೆ.
ಪಕ್ಕದಲ್ಲಿ ಕೂತ ನನ್ನ ಎಡಗಾಲು
ತಿರುವು ಬಂದಾಗೆಲ್ಲ ಇಲ್ಲದ ಪೆಡಲು ಒತ್ತುತ್ತಿತ್ತು.
‘ಕಾಲು ಸುಮ್ಮನಿಡು ಅಸೈನಾರ್,
ಮ್ಯಾಟು ಸವೆಯುತ್ತದೆ.’

ಕಾರಿನಡಿ ಒಂದು ರಟ್ಟು ಹಾಸಿ ಬಂದಿದ್ದೇನೆ.
ಬೆಳಿಗ್ಗೆ ಬೈಕಿನಲ್ಲಿ ಹೋಗಿ ನೋಡಬೇಕು,
ಕೆಂಪು ಹನಿ ಉಂಟೋ ಇಲ್ಲವೋ.
ಉಂಟಾದರೆ
ಮತ್ತೆ ಹದಿಮೂರು.