ಮನಾಮಾದಲ್ಲಿ ಎಸಿ ರಿಪೇರಿ

ದೇವರ ಮನೆಗಳ ಧೂಳು ಬೇರೆಬೇರೆ.
ಹನ್ನೊಂದು ವರ್ಷ ಫಿಲ್ಟರ್ ಬಿಚ್ಚಿ ತೊಳೆದವನು ಹೇಳುತ್ತಿದ್ದೇನೆ:
ಮಸೀದಿಯದು ಜಮಖಾನೆಯ ನವಿರು ಎಳೆ, ಕೆಂಪು;
ಚರ್ಚಿನದು ಮೇಣದ ಮಸಿ, ಬೆರಳಿಗಂಟಿದರೆ ಬಿಡದು;
ಹಳೇ ಸೂಕ್ ಓಣಿಯ ಕೃಷ್ಣನ ಗುಡಿಯಲ್ಲಿ
ತುಪ್ಪದ ಜಿಡ್ಡು, ಬಿಸಿನೀರಿಗೂ ಜಗ್ಗದ್ದು.
ಒಳಗೆ ಯಾರು ಏನು ಬೇಡಿದರೋ.
ನಾನು ಏಣಿಯ ಮೇಲೆ,
ಅಂಗಿಯೊಳಗೆ ಎದೆಗೆ ಬಡಿಯುವ ಬೆಳ್ಳಿ ಕರಡಿಗೆ,
ಬಾಯಲ್ಲಿ ಸ್ಕ್ರೂಡ್ರೈವರ್.

ಮೊದಮೊದಲು ಇಳಿದೊಡನೆ
ಕೈ ತೊಳೆಯುತ್ತಿದ್ದೆ, ಎರಡು ಸಲ.
ಧೂಳಿಗೆ ಒಮ್ಮೆ.
ಇನ್ನೊಮ್ಮೆ ಯಾತಕ್ಕೆಂದು
ಯಾರೂ ಕೇಳಲಿಲ್ಲ, ನಾನೂ.

ಮೊಹರಂ ತಿಂಗಳ ಏಳನೆಯ ರಾತ್ರಿ
ಮಾತಂ ಮನೆಯಿಂದ ಫೋನು:
ದೊಡ್ಡ ಹಜಾರದ ಯಂತ್ರ ನಿಂತಿದೆ, ನಾಲ್ಕುನೂರು ಜನ, ಬೇಗ ಬಾ.
ಓಣಿಯುದ್ದ ಕಪ್ಪು ಬಟ್ಟೆ. ಆಗಸ್ಟಿನ ಸೆಕೆ
ಒದ್ದೆ ಗೋಣಿಚೀಲದಂತೆ ಮೈಮೇಲೆ.
ನನಗೆ ಗೊತ್ತು ಈ ಹಬ್ಬ, ಅಂದೆ ಹಾಜಿ ಮಕ್ಕಿಗೆ
ಮುರುಕು ಅರಬಿಯಲ್ಲಿ, ಹೆಮ್ಮೆಯಿಂದಲೇ.
ಹುನಗುಂದದ ಕಡೆ ನಮ್ಮೂರಲ್ಲಿ ಸಾಬರ ಮನೆ ಎರಡೇ,
ಆದರೂ ಪಂಜಾ ಏಳುತ್ತವೆ, ಅಲಾಯಿ ಕುಣಿಗೆ ಕೆಂಡ ಬೀಳುತ್ತದೆ,
ಅವ್ವ ಚೋಂಗೆ ಸುಡುತ್ತಾಳೆ, ಸಕ್ಕರೆ ಓದಿಸುತ್ತಾಳೆ.
ಒಂಬತ್ತು ತುಂಬಿದಾಗ, ಜ್ವರ ಬಿಟ್ಟ ಹರಕೆಗೆ,
ಮೈತುಂಬ ಹಳದಿ ಕಪ್ಪು ಪಟ್ಟೆ ಬಳಿದು
ನನ್ನನ್ನು ಹುಲಿ ಮಾಡಿದಳು.
ಹಲಗೆಯ ಏಟಿಗೆ ಕುಣಿದದ್ದೇ ಕುಣಿದದ್ದು.

ಹಾಜಿ ನಗಲಿಲ್ಲ. ಬೈಯಲೂ ಇಲ್ಲ.
"ಹುಲಿ?" ಎಂದ.
ಆಮೇಲೆ, "ಕುಣಿದಿರಾ?" ಎಂದ.

ಏಣಿ ಹತ್ತಿದೆ. ಕೆಪಾಸಿಟರ್ ಸುಟ್ಟಿತ್ತು, ಅಷ್ಟೇ.
ಕೆಳಗೆ ಒಬ್ಬ ಹೇಳತೊಡಗಿದ:
ನದಿ ಕಣ್ಣೆದುರಿಗೇ ಇದೆ, ನೀರಿಲ್ಲ.
ಕೂಸು. ಆರು ತಿಂಗಳದು. ಬಾಣ.
ಅರ್ಧ ಮಾತಿನಿಂದ ತಿಳಿಯಿತು, ಉಳಿದರ್ಧ
ಮುಂದೆ ಕೂತ ಬ್ಯಾಂಕಿನ ಮ್ಯಾನೇಜರನ
ಭುಜ ಅಲುಗಿದ್ದರಿಂದ.
ಆಮೇಲೆ ನಾಲ್ಕುನೂರು ಅಂಗೈ ಒಮ್ಮೆಗೇ ಎದೆಗೆ.
ಆ ಲಯ ನನಗೆ ಗೊತ್ತಿತ್ತು.
ಹಲಗೆಯದೇ.
ಹೆಜ್ಜೆ ಹಾಕಲು ಕಾಲು ತಾನಾಗಿ ಎದ್ದಿತು ಏಣಿಯ ಮೇಲೆ,
ಥೂ ಎಂದು ಒತ್ತಿ ಹಿಡಿದೆ.

ಇದು ಸಾವೆಂದು ನಮ್ಮೂರಲ್ಲಿ ಯಾರೂ ಹೇಳಿರಲಿಲ್ಲ.
ಹೇಳಿದ್ದರೇನೋ. ರಿವಾಯತ್ ಪದದಲ್ಲಿ ಇತ್ತು ಎಲ್ಲ,
ನಾನು ಬಿಸಿಲಿಗೆ ನಿಂತು ಬಣ್ಣ ಒಣಗಿಸುತ್ತಿದ್ದೆ.

ಇಳಿದಾಗ ಹಾಜಿ ಮಾಂಸದನ್ನ ತಂದ,
ಗುಂಡಿ ಬಿಚ್ಚಿದ ಅಂಗಿಯೊಳಗಿನ ಕರಡಿಗೆ ನೋಡಿ
ತಿರುಗಿ ಒಯ್ದ; ಒಣನಿಂಬೆ ಹಾಕಿ ಬೇಯಿಸಿದ ಕಡಲೆ ತಂದ.
"ಅದರೊಳಗೇನು?"
ಕಲ್ಲು ಅನ್ನಲು ಬಾಯಿ ಬರಲಿಲ್ಲ, ದೇವರು ಅನ್ನಲೂ.
ಅಂಗೈಲಿಟ್ಟು ದಿನಾ ನೋಡುವುದು, ಅಂದೆ.
ಸುಳ್ಳು. ಮೂರು ವರ್ಷವಾಯಿತು ಮುಚ್ಚಳ ತೆಗೆದು.
ಕ್ಯಾಂಪಿನಲ್ಲಿ ಹನ್ನೆರಡು ಜನಕ್ಕೆ ಒಂದು ಬಚ್ಚಲು ಎಂಬ ನೆವ.
"ಏನು ಕಾಣುತ್ತದೆ?" ಅಂದ,
ಚೇಷ್ಟೆಗಲ್ಲ, ನಿಜಕ್ಕೂ ತಿಳಿಯಬೇಕೆಂದು.
ಕಡಲೆ ಅಗಿಯುತ್ತ ಕೂತೆ.

ಶುಕ್ರವಾರ ಅವ್ವನ ಫೋನು.
"ಅಲ್ಲೂ ಹುಲಿ ಕುಣೀತಾವೇನೋ?"
"ಇಲ್ಲಬೇ. ಇಲ್ಲಿ ಅಳತಾರ."
ಆ ಕಡೆ ತುಸು ಹೊತ್ತು ಬರೀ ಗಾಳಿ.
"ಹತ್ತನೇ ದಿನ ದೇವರು ಹೊಳಿಗೆ ಹೋಗೂವಾಗ
ನಾನೂ ಅಳತಿದ್ನಿ. ನೀ ನೋಡಿಲ್ಲ."
"ಯಾಕ?"
"ಯಾರಿಗ್ಗೊತ್ತು. ಅಳು ಬರತಿತ್ತು.
ಕೈ ತೊಕ್ಕೊಂಡು ಉಣ್ಣು ಹೋಗು."

ಈಗ ಬೆಳಗಿನ ಜಾವ.
ಕ್ಯಾಂಪಿನ ಮಾಳಿಗೆ, ನೀರಿನ ಟಾಕಿಗೆ ಬೆನ್ನು.
ಕೈ ತೊಳೆದಿದ್ದೇನೆ, ಒಂದೇ ಸಲ.
ಕರಡಿಗೆ ಕಪ್ಪಾಗಿದೆ, ಅಂಚಿಗೆ ಬೆವರಿನ ಉಪ್ಪು ಕಟ್ಟಿ
ಮುಚ್ಚಳ ಒಪ್ಪುತ್ತಿಲ್ಲ.
ಸ್ಕ್ರೂಡ್ರೈವರ್ ತುದಿಯಿಂದ ಮೀಟುತ್ತಿದ್ದೇನೆ,
ಇದರ ಧೂಳು ಎಂಥದೋ.