ಹಳದಿ ಚೀಟಿ

ಡಂಡೀ ಊರಿನಲ್ಲಿ ಡಿಸೆಂಬರಿನ ಸೂರ್ಯ
ಮೂರೂವರೆಗೇ ಬಾಗಿಲು ಹಾಕುತ್ತಾನೆ.
ನಮ್ಮ ಅಂಗಡಿ ಹತ್ತರ ತನಕ.
ಏಳೂಕಾಲಿಗೆ ನಾನು ಗೋದಾಮಿನಿಂದ ಹೊರಬರುತ್ತೇನೆ,
ಸೊಂಟದಲ್ಲಿ ಚೀಟಿ ಹೊಡೆಯುವ ಯಂತ್ರ,
ಎದೆಯ ಮೇಲೆ ಹೆಸರು: ರೋನಾ.
ಹೆಸರಿನ ಕೆಳಗೆ, ಸಹಾಯ ಬೇಕೇ?
ಹನ್ನೊಂದು ವರ್ಷದಲ್ಲಿ ಬೇಕು ಅಂದವರು
ಹೆಚ್ಚಾಗಿ ಕೇಳಿದ್ದು ಶೌಚಾಲಯದ ದಾರಿ.

ನಾಳೆ ಹಳಸುವುದಕ್ಕೆ ಇಂದು ಅರ್ಧ ಬೆಲೆ,
ಇಂದೇ ಹಳಸುವುದಕ್ಕೆ ಕಾಲು.
ಇಷ್ಟೇ ನನ್ನ ಧರ್ಮಶಾಸ್ತ್ರ.

ಏಳನೇ ಸಾಲಿನ ತುದಿಗೆ
ಮೇಣದಬತ್ತಿ, ನಾಯಿಬಿಸ್ಕತ್ತು ದಾಟಿದರೆ
ಒಂದು ಮಾರು ಅಗಲದ ಕಪಾಟು.
ಗೋಧಿ ಇಲ್ಲ, ಬಾರ್ಲಿ ಇಲ್ಲ, ಲ್ಯಾಕ್ಟೋಸ್ ಇಲ್ಲ.
ಇಲ್ಲಗಳಿಗೇ ಇಲ್ಲಿ ಬೆಲೆ ಜಾಸ್ತಿ.
ಅಂಗೈಯಗಲದ ಬ್ರೆಡ್ಡು, ನಡುವೆ ಗಾಳಿಯ ಗುಹೆ,
ಗುಹೆಯನ್ನೂ ಸೇರಿಸಿ ಮೂರು ಪೌಂಡು ಅರವತ್ತು.
ಆಚೆ ಸಾಲಿನ ಗೋಧಿ ಬ್ರೆಡ್ಡು, ದಿಂಬಿನಂಥದು,
ಎಪ್ಪತ್ತೈದು ಪೆನ್ಸಿಗೆ ಬಿದ್ದುಕೊಂಡಿದೆ
ಕೇಳುವವರಿಲ್ಲದೆ.

ಮಂಗಳವಾರ, ಗುರುವಾರ ಫರ್ಗಸ್ ಬರುತ್ತಾನೆ.
ಬಸ್ ಡಿಪೋದಲ್ಲಿ ಗಾಡಿ ತೊಳೆಯುವವನು,
ಬೆರಳ ತುದಿಗಳು ಸದಾ ನೆನೆದ ಬಾದಾಮಿ.
ಪೊಟ್ಟಣ ತಿರುಗಿಸುತ್ತಾನೆ, ಕನ್ನಡಕ ಹಣೆಗೇರಿಸುತ್ತಾನೆ,
ಇರುವೆಯಕ್ಷರಗಳಲ್ಲಿ ಕಳ್ಳನನ್ನು ಹುಡುಕುತ್ತಾನೆ.
ಕಾರ್ನ್‌ಫ್ಲೇಕ್ಸಿನಲ್ಲಿ ಬಾರ್ಲಿ ಅಡಗಿತ್ತು ಒಮ್ಮೆ,
ಸಾಸೇಜಿನಲ್ಲಿ ರಸ್ಕಿನ ಪುಡಿ.
"ಗೋಧಿ ಇರಲೂಬಹುದು ಅಂತ ಬರೆದಿದ್ದಾರೆ ರೋನಾ!
ದೇವರ ವಿಷಯದಲ್ಲಿ ಹಾಗನ್ನಲಿ,
ಬಿಸ್ಕತ್ತಿನ ವಿಷಯದಲ್ಲಿ ಬೇಡ."

ಮಗಳು ಮೊರ್ವೆನ್, ಒಂಬತ್ತು.
ಎರಡು ವರ್ಷ ಹೊಟ್ಟೆನೋವು ಅಂದಾಗಲೆಲ್ಲ
ಶಾಲೆ ತಪ್ಪಿಸುವ ನೆಪ ಅಂತ ಗದರಿದ್ದನಂತೆ.
ಟೋಸ್ಟು ಕೊಟ್ಟು ಕಳಿಸಿದ್ದನಂತೆ,
ಹೊಟ್ಟೆ ತುಂಬಿದರೆ ಸರಿಹೋಗುತ್ತದೆ ಅಂತ.
ಇದನ್ನು ಹೇಳಿದ್ದು ನನಗಲ್ಲ,
ಕೈಯಲ್ಲಿದ್ದ ಪಾಸ್ತಾ ಪೊಟ್ಟಣಕ್ಕೆ.

ಕಳೆದ ಗುರುವಾರ ಚೀಟಿ ಬಿದ್ದದ್ದು ಒಂದೇ ಬ್ರೆಡ್ಡಿಗೆ.
ತೊಂಬತ್ತು ಪೆನ್ಸು.
ಅದರ ಮೇಲೆ ಎರಡು ಕೈ.
ಒಂದು ಫರ್ಗಸ್‌ನದು, ಇನ್ನೊಂದು
ಹಸಿರು ಉಣ್ಣೆಗವಸಿನ ಮುದುಕಿ ಸೆಂಗಾಳದು.
ಸೆಣಬಿನ ಗಿರಣಿಯಲ್ಲಿ ಕಿವಿ ಕಳಕೊಂಡವಳು,
ಎಪ್ಪತ್ತೆಂಟರಲ್ಲಿ ಡಾಕ್ಟರು ಗೋಧಿ ಬಿಡಿಸಿದ್ದಾರೆ,
ಬೆನ್ನಿಗೇ ಹಾಲನ್ನೂ.
ನೀವು ತಗೊಳ್ಳಿ, ಅಂದ ಅವನು.
ಏನು? ಅಂದಳು ಅವಳು.
ತಗೊಳ್ಳಿ! ಎಂದು ಕೂಗಿದ. ಮೀನಿನ ವಿಭಾಗದವರೂ ತಿರುಗಿದರು.

ಯಂತ್ರದಲ್ಲಿ ಕರುಣೆಗೊಂದು ಗುಂಡಿ ಇಲ್ಲ.
ಇದ್ದೀತೇ ಅಂತ ಹುಡುಕಿದ್ದೇನೆ.

ಕೊನೆಗೆ ಬಿಲ್ಲು ಕೊಟ್ಟವಳು ಸೆಂಗಾ.
ಕೌಂಟರಿನ ತುದಿಯಲ್ಲೇ ಪೊಟ್ಟಣ ಬಿಚ್ಚಿ
ಇಸ್ಪೀಟು ಹಂಚುವಂತೆ ಹಂಚಿದಳು:
ಹನ್ನೆರಡು ಚೂರು, ಅವನಿಗೆ ಎಂಟು, ತನಗೆ ನಾಲ್ಕು.
"ಮಗುವಿಗೆ ಬೆಳೆಯುವ ಕೆಲಸ. ನನಗೆ ಕುಗ್ಗುವ ಕೆಲಸ,
ಅದಕ್ಕೆ ಇಷ್ಟು ಸಾಕು."
ಅವನು ಅರವತ್ತು ಪೆನ್ಸು ಎಣಿಸಿ ಕೊಟ್ಟ.
ಇಲ್ಲವೆನ್ನದೆ ತೆಗೆದುಕೊಂಡಳು,
ಅವನ ಮಾನ ಉಳಿಯಿತು.

ಆಮೇಲೆ ಅವನ ತೋಳು ಹಿಡಿದು
ಅಂಗಡಿಯೊಳಕ್ಕೇ ವಾಪಸ್ಸು ನಡೆಸಿದಳು.
ಹೊರದೇಶದ ದಿನಸಿಯ ಕೆಳಗಿನ ಹಲಗೆ,
ಎರಡು ಕಿಲೋ ಕಡಲೆಹಿಟ್ಟು, ಅಗ್ಗ.
ಅವನು ಹಿಂಬದಿ ಓದಿದ. ಇರಲೂಬಹುದು, ಇದರಲ್ಲೂ.
ಇಟ್ಟುಬಿಟ್ಟ.
ಅವಳು ಸೋಲಲಿಲ್ಲ, ತರಕಾರಿಯತ್ತ ಎಳೆದಳು.
"ಆಲೂಗಡ್ಡೆ ತಿರುಗಿಸಿ ನೋಡು, ಹಿಂದೇನು ಬರೆದಿದೆ?"
"ಮಣ್ಣು," ಅಂದ.
"ಹ್ಞಾ. ಮಣ್ಣು ತೊಳೆದರೆ ಹೋಗುತ್ತದೆ."
ಫರ್ಗಸ್ ನಕ್ಕದ್ದನ್ನು ನಾನು ಆವತ್ತೇ ಕಂಡದ್ದು,
ಮುಂದಿನ ಒಂದು ಹಲ್ಲು ಇಲ್ಲ ಅವನಿಗೆ.

ರಾತ್ರಿ ಹನ್ನೊಂದಕ್ಕೆ ನನ್ನ ಅಡುಗೆಮನೆಯಲ್ಲಿ
ಎಪ್ಪತ್ತೈದು ಪೆನ್ಸಿನ ಬ್ರೆಡ್ಡು ಸುಟ್ಟು ಬೆಣ್ಣೆ ಸವರಿದೆ.
ಯಾಕೋ ಪೊಟ್ಟಣ ತಿರುಗಿಸಿದೆ,
ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ.
ಅಕ್ಷರ ಬಹಳ ಸಣ್ಣ.
ಕೊನೆಯ ಸಾಲು ಮುಟ್ಟುವಷ್ಟರಲ್ಲಿ
ಟೋಸ್ಟು ತಣ್ಣಗಾಗಿತ್ತು.